ಇನ್ನೂರು ಮೀಟರಿನ ಒಳಗೆ

ಕಸದ ಘಟಕ ಶುರುವಾದ ಮೂರನೇ ವಾರಕ್ಕೆ ಶಂಕರಮ್ಮನ ಮನೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಉಣ್ಣುವುದು ನಿಂತುಹೋಯಿತು. ಮುಂದಿನ ಬಾಗಿಲು, ಹಿಂದಿನ ಬಾಗಿಲು, ಅಡುಗೆಮನೆ ಕಿಟಕಿ ಎಲ್ಲವನ್ನೂ ಮುಚ್ಚಿ, ಫ್ಯಾನು ತಿರುಗಿಸಿ, ಐದು ಜನವೂ ಗಬಗಬ ತಿಂದು ಏಳುತ್ತಿದ್ದರು. ಆದರೂ ನೊಣಗಳು ಎಲ್ಲಿಂದಲೋ ನುಸುಳುತ್ತಿದ್ದವು. ಹಂಚಿನಿಂದ ಅಕ್ಕಿರೊಟ್ಟಿ ತೆಗೆದು ತಟ್ಟೆಗೆ ಹಾಕಿ, ಚಟ್ನಿ ಬಡಿಸಲು ಶಂಕರಮ್ಮ ತಿರುಗುವಷ್ಟರಲ್ಲಿ ರೊಟ್ಟಿಯ ಮೇಲೆ ನಾಲ್ಕೈದು ಕೂತಿರುತ್ತಿದ್ದವು.

ಆ ಬೆಳಿಗ್ಗೆ ಮಗ ರಾಜೇಶ್ ತಟ್ಟೆಯನ್ನು ದೂರ ತಳ್ಳಿದ.

"ನಂಗೆ ಬೇಡ ಅವ್ವ. ಎಸ್ಟೇಟಲ್ಲೇ ಏನಾದ್ರೂ ತಿಂತೀನಿ."

"ನೀವು ಎಸ್ಟೇಟಲ್ಲಿ ತಿಂತೀರಿ. ರಕ್ಷಾ ಎಲ್ಲಿ ತಿನ್ನದು?" ಎಂದಳು ಸೊಸೆ ಕೃತಿಕಾ.

ಹತ್ತು ವರ್ಷದ ರಕ್ಷಾ ಎಡಗೈಯಲ್ಲಿ ನೊಣ ಓಡಿಸುತ್ತ ಬಲಗೈಯಲ್ಲಿ ತಿನ್ನುವುದನ್ನು ಆಗಲೇ ರೂಢಿ ಮಾಡಿಕೊಂಡಿದ್ದಳು.

"ಸ್ವಲ್ಪ ದಿನ ತಡ್ಕಳಿ. ಹೊಸದಲ್ವಾ, ಸರಿ ಮಾಡ್ತಾರೆ," ಎಂದ ಪುಟ್ಟಸ್ವಾಮಿ. ಶಂಕರಮ್ಮನ ಗಂಡ. ಯಾವ ಮಾತಿಗೂ ಜಗಳ ಬೇಡ ಎನ್ನುವ ಮನುಷ್ಯ.

"ಯಾರು ಸರಿ ಮಾಡೋದು ಅಪ್ಪ? ನೀವು ಹೋಗಿ ಕೇಳಿದ್ರಾ?"

ಪುಟ್ಟಸ್ವಾಮಿ ಕಾಫಿ ಲೋಟದೊಳಗೆ ನೋಡಿದ. ಅದರಲ್ಲೂ ಒಂದು ನೊಣ ಬಿದ್ದಿತ್ತು. ಅದನ್ನು ಬೆರಳಲ್ಲಿ ತೆಗೆದು ಎಸೆದು ಉಳಿದದ್ದನ್ನು ಕುಡಿದ.

ಬಣಕಲ್ ರಸ್ತೆಯಿಂದ ಒಂದೂವರೆ ಮೈಲು ಒಳಗೆ ಹುಲ್ಲೇಮಕ್ಕಿ. ಅಲ್ಲಿನ ಎರಡೂವರೆ ಎಕರೆ ಕಾಫಿ ಶಂಕರಮ್ಮನಿಗೆ ತವರಿನಿಂದ ಬಂದದ್ದು. ಪಹಣಿಯಲ್ಲಿ ಇರುವುದೂ ಅವಳ ಹೆಸರೇ. ಪುಟ್ಟಸ್ವಾಮಿ ಮತ್ತು ಅವನ ಅಣ್ಣ ಹನ್ನೆರಡು ವರ್ಷದ ಹಿಂದೆ ಪಾಲಾದಾಗ ಊರೊಳಗಿನ ಹಳೇ ಮನೆ ಅಣ್ಣನಿಗೆ ಹೋಯಿತು. ಇವರು ಈ ತೋಟದ ಮೂಲೆಯಲ್ಲಿ ನಾಲ್ಕು ಕೋಣೆಯ ಮನೆ ಕಟ್ಟಿಕೊಂಡರು. ರಾಜೇಶ್ ಹತ್ತಿರದ ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು ಅವನ ಪಾಲು. ಮನೆಯ ಹಿಂದೆ ಸಣ್ಣ ಹಳ್ಳ, ಹಳ್ಳದ ಆಚೆ ಗೋಮಾಳ. ಆ ಗೋಮಾಳದಲ್ಲಿ ಫೆಬ್ರವರಿಯಲ್ಲಿ ಪಂಚಾಯ್ತಿಯವರು ನೀಲಿ ಶೀಟಿನ ಶೆಡ್ಡು ಎಬ್ಬಿಸಿ, ಟೇಪು ಕತ್ತರಿಸಿ, ಲಾಡು ಹಂಚಿ ಹೋಗಿದ್ದರು. ಶಂಕರಮ್ಮನಿಗೂ ಎರಡು ಲಾಡು ಬಂದಿತ್ತು.

ಶೆಡ್ಡಿನಲ್ಲಿ ಕಸ ಬೇರ್ಪಡಿಸುವ ತಂಗಮ್ಮ ಕುಡಿಯುವ ನೀರಿಗೆ ಇವರ ಬಾವಿಗೇ ಬರುತ್ತಿದ್ದಳು.

"ಬರೀ ಒಣ ಕಸ ಅಂದಿದ್ರು ಅಮ್ಮಾ," ಎನ್ನುತ್ತ ಅವಳು ಕೈಗವಸು ಬಿಚ್ಚಿ ಕಟ್ಟೆಯ ಮೇಲೆ ಕೂತಳು. "ಬಾಟ್ಲಿ, ಪ್ಲಾಸ್ಟಿಕ್, ರಟ್ಟು. ಈಗ ನೋಡಿ, ಶನಿವಾರ ಭಾನುವಾರ ಹೋಂಸ್ಟೇಗಳ ಊಟದ ಎಲೆ, ಮಕ್ಕಳ ಡೈಪರು. ಕೋಳಿ ಅಂಗಡಿಯವ್ರು ಬೇರೆ ಕತ್ತಲಾದ ಮೇಲೆ ಮೂಟೆ ತಂದು ಎಸೆದು ಹೋಗ್ತಾರೆ. ಬೆಳಿಗ್ಗೆ ಬಾಗಿಲು ತೆಗದ್ರೆ ಹುಳ."

"ಹಾಕ್ಬೇಡಿ ಅಂತ ಹೇಳಕ್ಕಾಗಲ್ವಾ?"

"ನಾನು ಯಾರಿಗೆ ಹೇಳ್ಲಿ? ನನ್ನ ಮಾತು ಯಾರು ಕೇಳ್ತಾರೆ?" ತಂಗಮ್ಮ ಎರಡು ಚೊಂಬು ನೀರು ಕುಡಿದು ಎದ್ದಳು. "ಆದ್ರೂ ಮುಚ್ಚಿಸ್ಬೇಡಿ ಅಮ್ಮಾ. ತೋಟದ ಕೆಲ್ಸಕ್ಕೆ ಈ ಸೊಂಟ ಬಗ್ಗಲ್ಲ. ಇದೊಂದೇ ಕೆಲ್ಸ ನಂಗಿರೋದು."

ಶಂಕರಮ್ಮ ಒಳಗೆ ಹೋಗಿ ಬಂದಳು. ಒಂದು ರೊಟ್ಟಿಯಲ್ಲಿ ಬೆಲ್ಲ ಸುತ್ತಿ ಅವಳ ಕೈಗೆ ಕೊಟ್ಟಳು.

ರಾಜೇಶ್ ಸುಮ್ಮನಿರುವವನಲ್ಲ. ಒಂದು ಭಾನುವಾರ ಎಸ್ಟೇಟಿನಿಂದ ಅಳತೆ ಟೇಪು ತಂದು, ರಕ್ಷಾಳ ಕೈಗೆ ಒಂದು ತುದಿ ಕೊಟ್ಟು ಶೆಡ್ಡಿನ ಗೋಡೆಯಿಂದ ಅಡುಗೆಮನೆ ಗೋಡೆಯವರೆಗೆ ಅಳೆದ. ತೊಂಬತ್ತೊಂದು ಮೀಟರ್.

"ಕಸ ಸುರಿಯೋ ಜಾಗ ಜನ ವಾಸ ಇರೋ ಕಡೆಯಿಂದ ಇನ್ನೂರು ಮೀಟರ್ ಆದ್ರೂ ದೂರ ಇರ್ಬೇಕು. ರೂಲ್ಸ್ ಅದೆ. ಫೋನಲ್ಲಿ ತೆಗ್ದು ಓದಿದೀನಿ," ಎಂದು ಜಗುಲಿಯಲ್ಲೇ ಕೂತು ಅರ್ಜಿ ಬರೆದ. ಅವ್ವನ ಹೆಸರಿನ ಜಾಗವಾದ್ದರಿಂದ ಅವಳ ಸಹಿ ಹಾಕಿಸಿದ. ಪುಟ್ಟಸ್ವಾಮಿ ಆಗ ಕೊಟ್ಟಿಗೆ ಕಡೆಯಿಂದ ನೋಡುತ್ತ ನಿಂತಿದ್ದ. ಬೇಡ ಎನ್ನಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಅವನು ಉಣ್ಣಲಿಲ್ಲ.

ಮಾರ್ಚ್ ಕೊನೆಯಲ್ಲಿ ಹೂಮಳೆ ಬಿತ್ತು. ಎಂಟನೇ ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಯಿತು. ಪ್ರತಿ ವರ್ಷ ಕಾಫಿ ಹೂ ಬಿಟ್ಟ ದಿನ ಶಂಕರಮ್ಮ ಬೆಳಿಗ್ಗೆ ಎದ್ದವಳೇ ಅಂಗಳದಲ್ಲಿ ನಿಂತು ಮೂಗು ತುಂಬ ಉಸಿರು ಎಳೆದುಕೊಳ್ಳುತ್ತಿದ್ದಳು. ಈ ವರ್ಷ ಎಳೆದುಕೊಂಡ ಉಸಿರಿಗೆ ಹೂವಿನ ಜೊತೆ ಕೊಳೆತ ಕೋಳಿಪುಕ್ಕದ ನಾತವೂ ಬಂತು. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳಗೆ ಬಂದಳು. ಅದೇ ಮಳೆ ಶೆಡ್ಡಿನ ಹಿಂದಿನ ರಾಶಿಯನ್ನು ತೊಳೆದು ಹಳ್ಳಕ್ಕೆ ಇಳಿಸಿತ್ತು. ಹಳ್ಳದಿಂದ ಅವರ ಬಾವಿಗೆ ಇಪ್ಪತ್ತು ಹೆಜ್ಜೆ ಇಲ್ಲ. ಬಾವಿ ನೀರಿನ ಮೇಲೆ ಎಣ್ಣೆ ಹಚ್ಚಿದ ಹಾಗೆ ಪದರ ಕಟ್ಟಿತು.

"ಕಾಯ್ಸಿ ಸೋಸಿ ಕುಡಿಯೋಣ," ಎಂದಳು ಶಂಕರಮ್ಮ.

"ಎಷ್ಟು ದಿನ ಅತ್ತೆ?" ಎಂದಳು ಕೃತಿಕಾ.

ಅರ್ಜಿಗೆ ಪಂಚಾಯ್ತಿಯಿಂದ ಉತ್ತರ ಏಪ್ರಿಲ್ ಎರಡನೇ ವಾರ ಬಂತು. ರಾಜೇಶ್ ಅದನ್ನು ಊಟದ ಹೊತ್ತಿಗೇ ಓದಿದ. "'ಸದರಿ ಘಟಕದ ಇನ್ನೂರು ಮೀಟರ್ ವ್ಯಾಪ್ತಿಯಲ್ಲಿ ಯಾವುದೇ ವಾಸದ ಮನೆ ಇರುವುದಿಲ್ಲವೆಂದು ದಾಖಲೆಗಳಿಂದ ಕಂಡುಬಂದಿರುತ್ತದೆ.' ಕೇಳಿದ್ರಾ? ಮನೆ ಇಲ್ವಂತೆ! ಹಂಗಾರೆ ಇಲ್ಲಿ ಕೂತು ಉಣ್ತಾ ಇರೋರು ಯಾರು?"

ರಕ್ಷಾ ನಕ್ಕಳು. ಬೇರೆ ಯಾರೂ ನಗಲಿಲ್ಲ. ಶಂಕರಮ್ಮ ಗಂಡನ ಮುಖ ನೋಡಿದಳು. ಅವನ ಕೈ ಅನ್ನದ ಮೇಲೆ ಹಾಗೇ ನಿಂತಿತ್ತು.

"ಹೇಳಿ ಮತ್ತೆ," ಎಂದಳು. "ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ."

ಪುಟ್ಟಸ್ವಾಮಿ ಹೇಳಿದ. ಮನೆ ಕಟ್ಟುವಾಗ ತೋಟದ ಜಾಗವನ್ನು ಮನೆಯ ಜಾಗವಾಗಿ ಬದಲಾಯಿಸಬೇಕಿತ್ತು. ಅದಕ್ಕೆ ವರ್ಷಗಟ್ಟಲೆ ಅಲೆದಾಟ. ಆಗ ಇದ್ದ ಪಂಚಾಯ್ತಿ ಕಾರ್ಯದರ್ಶಿ, ಕಾಫಿ ಗೋಡೌನ್ ಅಂತ ಬರೆಸಿ ಸ್ವಾಮಿ, ಆಮೇಲೆ ಸರಿ ಮಾಡಿಕೊಂಡರಾಯ್ತು ಅಂದಿದ್ದ. ಬರೆಸಿದರು. ಶಂಕರಮ್ಮ ಸಹಿ ಹಾಕಿದಳು. ಆಮೇಲೆ ಎಂಬುದು ಬರಲೇ ಇಲ್ಲ. ರೇಷನ್ ಕಾರ್ಡು, ವೋಟು, ರಕ್ಷಾಳ ಜನನ ಪತ್ರ ಎಲ್ಲವೂ ಅಣ್ಣನ ಮನೆ ನಂಬರಿನಲ್ಲೇ ಇದ್ದವು.

"ಹನ್ನೆರಡು ವರ್ಷ!" ರಾಜೇಶ್ ಎದ್ದು ನಿಂತ. "ಹನ್ನೆರಡು ವರ್ಷ ನಾವು ಗೋಡೌನಲ್ಲಿ ಇದ್ವಾ? ನನ್ನ ಮದುವೆ ದಿಬ್ಬಣ ಗೋಡೌನಿಗೆ ಬಂತಾ?"

"ಕೂಗ್ಬೇಡ. ನಿಂಗೆ ತಲೆ ಮೇಲೆ ಸೂರು ಬೇಕಿತ್ತು, ಹಾಕ್ಕೊಟ್ಟೆ."

"ಗೋಮಾಳ ಶೆಡ್ಡಿಗೆ ಅಂತ ತೀರ್ಮಾನ ಆದಾಗ್ಲಾದ್ರೂ ಬಾಯಿ ಬಿಡ್ಬೋದಿತ್ತಲ್ಲ! ಗ್ರಾಮಸಭೆಲಿ ನೀವೇ ಕೂತಿದ್ರಿ."

"ಬಿಟ್ಟಿದ್ರೆ ಮೊದ್ಲು ನಮ್ಮನೆ ಕಿತ್ತು ಹಾಕ್ತಿದ್ರು."

ಕೃತಿಕಾ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಎದ್ದಳು. ಎಲ್ಲರ ತಟ್ಟೆಯಲ್ಲೂ ಅನ್ನ ಹಾಗೇ ಇತ್ತು.

ಅದಾದ ಒಂದು ವಾರಕ್ಕೆ ರಕ್ಷಾ ಊಟ ಬಿಟ್ಟಳು. ಮೊದಲು ವಾಂತಿ, ಆಮೇಲೆ ಜ್ವರ. ನಾಲ್ಕನೇ ದಿನ ಶಂಕರಮ್ಮ ಮೊಮ್ಮಗಳ ತಲೆ ಬಾಚುವಾಗ ಕಣ್ಣಿನ ಬಿಳಿಯೆಲ್ಲ ಹಳದಿಯಾಗಿದ್ದು ಕಂಡಿತು. ಮೂಡಿಗೆರೆ ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ಕಾಮಾಲೆ ಎಂದರು. ಕುಡಿಯುವ ನೀರು ಯಾವುದು ಎಂದು ಕೇಳಿದರು. ಶಂಕರಮ್ಮ ಬಾವಿದು ಎಂದಳು. ತಾನೇ ಸೇದಿ, ತಾನೇ ಕಾಯಿಸಿ, ತಾನೇ ಲೋಟಕ್ಕೆ ಹಾಕಿಕೊಟ್ಟ ನೀರು. ಒಂದೊಂದು ದಿನ ಅವಸರದಲ್ಲಿ ಕುದಿ ಬರುವ ಮೊದಲೇ ಇಳಿಸಿದ್ದೂ ಉಂಟು. ಅದನ್ನು ಡಾಕ್ಟರಿಗೆ ಹೇಳಲು ಬಾಯಿ ಬರಲಿಲ್ಲ.

ಐದು ದಿನ ಡ್ರಿಪ್ಪು ಹಾಕಿದರು. ಬಿಡುಗಡೆಯಾದ ದಿನ ಕೃತಿಕಾ ಬಣಕಲ್ ಕಡೆಯ ಬಸ್ಸು ಹತ್ತಲಿಲ್ಲ.

"ಅತ್ತೆ, ನಾನು ವಸ್ತಾರೆಗೆ ಹೋಗ್ತೀನಿ. ಅಮ್ಮನ ಮನೆಗೆ," ಎಂದಳು. ದನಿ ಎತ್ತರಿಸಲಿಲ್ಲ. "ನಿಮ್ಮ ಮೇಲೆ ಕೋಪ ಇಲ್ಲ. ಆ ನೀರಿರೋ ಮನೆಗೆ ಇವಳನ್ನ ಕರ್ಕೊಂಡು ಬರಲ್ಲ."

ರಾಜೇಶ್ ಬ್ಯಾಗು ಹಿಡಿದು ಇಬ್ಬರ ನಡುವೆ ನಿಂತಿದ್ದ. ಶಂಕರಮ್ಮ ಅವನ ಬೆನ್ನು ತಟ್ಟಿದಳು. "ಹೋಗಿ ಬಿಟ್ಟು ಬಾರೋ. ಅವಳು ಹೇಳೋದು ಸರಿ ಅದೆ."

ಆಮೇಲೆ ಮನೆಯಲ್ಲಿ ಮೂರು ತಟ್ಟೆ. ಪಂಚಾಯ್ತಿ ಮೆಂಬರ್ ಶೇಷಪ್ಪನ ಮನೆಯ ಕೊಳಾಯಿಯಿಂದ ಪುಟ್ಟಸ್ವಾಮಿ ದಿನಕ್ಕೆ ನಾಲ್ಕು ಕೊಡ ನೀರು ಹೊತ್ತು ತರುತ್ತಿದ್ದ. ಅರವತ್ತೊಂಬತ್ತು ವಯಸ್ಸು, ಏರು ದಾರಿ. ಅಪ್ಪ ಮಗ ಮಾತು ಬಿಟ್ಟಿದ್ದರು. ರಾಜೇಶ್ ತಾಲೂಕು ಕಚೇರಿಗೆ ಇನ್ನೊಂದು ಅರ್ಜಿ ಕೊಟ್ಟು ಬಂದ. ಈ ಸಲ ಸ್ಥಳಕ್ಕೇ ಬಂದು ನೋಡಿ ಎಂದು ಬರೆದಿದ್ದ. ಸ್ಥಳ ಪರಿಶೀಲನೆ ಮೇ ಹದಿನೈದು, ಗುರುವಾರ ಎಂದು ದಿನ ಗೊತ್ತಾಯಿತು.

ಅದಕ್ಕೆ ಮೂರು ದಿನ ಮೊದಲು ಶೇಷಪ್ಪ ಬಂದು ಜಗುಲಿಯಲ್ಲಿ ಕೂತ.

"ನೋಡಿ ಅಕ್ಕಾ, ನಿಮ್ಮ ಕಷ್ಟ ನಂಗೆ ಗೊತ್ತಿಲ್ವಾ? ಆದ್ರೆ ಅವ್ರು ಬಂದಾಗ ನಾವಿಲ್ಲೇ ಇದ್ದೀವಿ ಅಂತ ನೀವೇ ಬಾಯಿಬಿಟ್ಟು ಹೇಳಿದ್ರೆ, ಅನಧಿಕೃತ ಅಂತ ಮೊದ್ಲು ನಿಮ್ಮ ಮೇಲೇ ಬರ್ತಾರೆ. ಗೋಡೌನು, ಕುಯ್ಲಿನ ಟೈಮಲ್ಲಿ ಮಾತ್ರ ಉಳ್ಕೋತೀವಿ ಅಂತ ಒಂದು ಹೇಳಿಕೆ ಕೊಡಿ. ಕೊಳಾಯಿ ಹಾಕ್ಸಿಕೊಡೋ ಜವಾಬ್ದಾರಿ ನಂದು. ಹಸಿ ಕಸ ಬರ್ದಂಗೂ ನೋಡ್ಕೋತೀನಿ."

"ನಿಮ್ಮ ಮೇಲಿನ ಕೇರಿ ಹತ್ರಾನೇ ಜಾಗ ಇತ್ತಲ್ಲ ಶೇಷಪ್ಪ. ಅಲ್ಲಿ ಯಾಕೆ ಹಾಕ್ಲಿಲ್ಲ?"

"ಅಲ್ಲಿ ಮನೆ ಅವೆಯಲ್ಲ ಅಕ್ಕಾ."

ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಗೊತ್ತಾಯಿತು. ಕಾಫಿ ಅರ್ಧಕ್ಕೇ ಇಟ್ಟು ಎದ್ದ.

ಪುಟ್ಟಸ್ವಾಮಿ ಆವತ್ತಿಂದ ಹೆಂಡತಿಯ ಹಿಂದೆಯೇ ಸುತ್ತಿದ. ಅವಳು ಸೌದೆ ಒಟ್ಟುವಾಗ, ಸೊಪ್ಪು ಬಿಡಿಸುವಾಗ, ಬಟ್ಟೆ ಹಿಂಡುವಾಗ ಒಂದೇ ಮಾತು. "ಒಂದು ಸಹಿ ಹಾಕು. ಈ ವಯಸ್ಸಲ್ಲಿ ನಾವು ಎಲ್ಲಿಗೆ ಹೋಗೋದು? ಅಣ್ಣನ ಮನೆ ಹಿತ್ಲಲ್ಲಿ ಬಿದ್ಕೊಳೋದಾ?"

"ಮಗು ಆಸ್ಪತ್ರೇಲಿ ಮಲಗಿ ಬಂದ್ಲು. ಎಲ್ಲಿ ಕುಡಿದ ನೀರಿಗೆ ಅಂತ ಬರ್ಕೊಡ್ಲಿ? ಗೋಡೌನಿಂದು ಅಂತಲಾ?"

"ಮನೆ ಹೋದ್ರೆ ಮಗು ಬರಾಕಾದ್ರೂ ಏನಿರ್ತದೆ?"

"ಸಹಿ ಹಾಕಲ್ಲ. ಒಂದ್ಸಲ ಹಾಕಿದ್ದೇ ಸಾಕು."

ಗುರುವಾರ ಎಂದವರು ಬುಧವಾರವೇ ಬಂದರು. ರಾಜೇಶ್ ರಜೆ ಬರೆದಿದ್ದು ಮರುದಿನಕ್ಕೆ. ಅವನು ಕೆಲಸಕ್ಕೆ ಹೋಗಿದ್ದ. ಬೆಳಿಗ್ಗೆ ಒಂಬತ್ತೂವರೆ. ಶಂಕರಮ್ಮ ಹಲಸಿನಕಾಯಿ ಹೆಚ್ಚಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಶೇಷಪ್ಪನಿಂದ ಪುಟ್ಟಸ್ವಾಮಿಗೆ ಫೋನು ಬಂತು. ಮರುಗಳಿಗೆಯಲ್ಲೇ ಹಳ್ಳದ ಆಚೆ ಜೀಪಿನ ಸದ್ದಾಯಿತು. ಪುಟ್ಟಸ್ವಾಮಿ ಒಳಗೆ ಓಡಿ ಬಂದ. ಅವಳು ಆ ಮುಖವನ್ನು ಹಿಂದೆಂದೂ ನೋಡಿರಲಿಲ್ಲ.

"ಒಲೆ ಆರ್ಸು. ಮಾತಾಡ್ಬೇಡ. ಹತ್ತು ನಿಮಿಷ, ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಏನು ಎತ್ತ ಎಂದು ಕೇಳುವ ಮೊದಲೇ ಹಿಂಬಾಗಿಲಿನ ಅಗುಳಿ ಹೊರಗಿನಿಂದ ಬಿತ್ತು. ಮುಂಬಾಗಿಲಿಗೆ ಬೀಗ ಸಿಕ್ಕಿಸಿದ ಸದ್ದು ಕೇಳಿತು. ಶಂಕರಮ್ಮ ಸೌಟು ಹಿಡಿದುಕೊಂಡೇ ನಿಂತಳು. ನಲವತ್ತು ವರ್ಷ ಬಾಳಿದ ಗಂಡ, ತನ್ನ ಜಾಗದಲ್ಲಿ ಕಟ್ಟಿದ ಮನೆಯಲ್ಲಿ, ತನ್ನನ್ನು ಕೂಡಿ ಹಾಕಿದ್ದ. ಸೀದುಹೋಗುತ್ತಿದ್ದ ಒಗ್ಗರಣೆಯ ಘಾಟಿಗೆ ಕೆಮ್ಮು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಯಾಕೆ ತುರುಕಿಕೊಂಡೆ ಎಂದು ಅವಳಿಗೇ ಗೊತ್ತಾಗಲಿಲ್ಲ.

ಹೊರಗೆ ಅಂಗಳದಲ್ಲಿ ಹೆಜ್ಜೆ ಸದ್ದು. ಪಂಚಾಯ್ತಿ ಪಿಡಿಒ ಓಂಕಾರಮೂರ್ತಿಯ ದನಿ ಅವಳಿಗೆ ಪರಿಚಯವಿತ್ತು.

"ಅರ್ಜಿದಾರರು ಎಲ್ಲಿ?"

"ಊರಿಗೆ ಹೋಗಿದಾಳೆ ಸಾರ್," ಪುಟ್ಟಸ್ವಾಮಿ ಎಂದ.

"ಈ ಕಟ್ಟಡದಲ್ಲಿ ಯಾರು ವಾಸ ಇದ್ದಾರೆ?"

"ಯಾರೂ ಇಲ್ಲ ಸಾರ್. ಗೋಡೌನು."

"ಬಟ್ಟೆ ಒಣಗಕ್ಕೆ ಹಾಕಿದೀರಲ್ಲ?" ಇದು ಬೇರೆ ದನಿ, ತಾಲೂಕು ಕಚೇರಿಯವರದು ಇರಬೇಕು.

"ಆಳುಗಳದ್ದು ಸಾರ್."

ಹಗ್ಗದ ಮೇಲೆ ಇದ್ದದ್ದು ಅವಳ ಎರಡು ಸೀರೆ, ಮತ್ತು ರಕ್ಷಾ ಬಿಟ್ಟುಹೋಗಿದ್ದ ಶಾಲೆಯ ಲಂಗ. ಲಂಗವನ್ನು ಅವಳೇ ನಿನ್ನೆ ಒಗೆದಿದ್ದಳು, ಹಾಕಿಕೊಳ್ಳುವವಳು ಇಲ್ಲದಿದ್ದರೂ.

"ಸರಿ, ಬರ್ಕೊಳ್ಳಿ. ವಾಸದ ಮನೆ ಅಲ್ಲ..."

ಅಡುಗೆಮನೆ ಕಿಟಕಿಗೆ ನೊಣ ಬಾರದಂತೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದರು. ಶಂಕರಮ್ಮ ಸೌಟಿನ ಹಿಡಿಯಿಂದ ಅದನ್ನು ಹರಿದು, ಕಿಟಕಿ ಬಾಗಿಲನ್ನು ದೂಡಿ, ಸರಳಿಗೆ ಮುಖ ಒತ್ತಿ ಕೂಗಿದಳು.

"ನಾನಿದೀನಿ ಸ್ವಾಮೀ! ಶಂಕರಮ್ಮ! ಅರ್ಜಿ ಕೊಟ್ಟೋಳು ನಾನೇ. ಅಡ್ಗೆ ಮಾಡ್ತಾ ಇದೀನಿ. ಇದು ನನ್ನ ಮನೆ. ಬರ್ಕೊಳ್ಳಿ!"

ಕಿಟಕಿಯಿಂದ ಅವಳಿಗೆ ಎಲ್ಲರಿಗಿಂತ ಮೊದಲು ಕಂಡಿದ್ದು ಗಂಡ. ಬೀಗದ ಕೈ ಬೆರಳಲ್ಲೇ ಇತ್ತು. ಅವನು ನಿಧಾನವಾಗಿ ಜಗುಲಿಯ ಮೇಲೆ ಕುಸಿದು ಕೂತ. ತಾಲೂಕು ಕಚೇರಿಯವರು ಬೀಗ ತೆಗೆಸಿದರು. ಒಳಗೆ ಬಂದು ನಾಲ್ಕು ಕೋಣೆ ನೋಡಿದರು. ದೇವರ ಗೂಡು, ರಕ್ಷಾಳ ಪುಸ್ತಕ, ಮಂಚ, ಒಲೆಯ ಮೇಲಿನ ಕರಕಲು ಪಲ್ಯ. ಟೇಪು ಹಿಡಿದರು. ತೊಂಬತ್ತೊಂದು ಮೀಟರ್ ಎಂದೇ ಬಂತು. ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡರು. ಅವರು ಬರೆದುಕೊಂಡದ್ದನ್ನು ಶಂಕರಮ್ಮ ಓದಿಸಿ ಕೇಳಿ, ಕೆಳಗೆ ಸಹಿ ಹಾಕಿದಳು.

ಆ ದಿನ ಸಂಜೆ ಸುದ್ದಿ ತಿಳಿದು ಬಂದ ರಾಜೇಶ್ ಅಪ್ಪನ ಎದುರು ನಿಂತ. "ಅವ್ವನ್ನ ಕೂಡಿ ಹಾಕಿದ್ರಾ? ದನ ಕೂಡಿದ ಹಂಗೆ?"

"ಬಿಡೋ," ಎಂದಳು ಶಂಕರಮ್ಮ. "ಉಣ್ಣಕ್ಕೆ ಬಾ."

ಗಂಡನಿಗೂ ಬಡಿಸಿದಳು. ಅವನ ಹತ್ತಿರ ಮಾತಾಡಲಿಲ್ಲ. ಹದಿನಾರು ದಿನ ಮಾತಾಡಲಿಲ್ಲ. ಅವನು ಕೊಡ ಹೊತ್ತು ತಂದು ಇಡುತ್ತಿದ್ದ, ಅವಳು ಬಗ್ಗಿಸಿಕೊಳ್ಳುತ್ತಿದ್ದಳು.

ಹದಿನೇಳನೇ ದಿನ ತಾಲೂಕು ಕಚೇರಿಯಿಂದ ನೋಟಿಸು ಬಂತು. ರಾಜೇಶ್ ಮೊದಲು ತಾನೊಬ್ಬನೇ ಓದಿಕೊಂಡ. ಆಮೇಲೆ ಗೋಡೆಗೆ ಒರಗಿ ನಗತೊಡಗಿದ. ಆ ನಗು ಕೇಳಿ ಶಂಕರಮ್ಮನಿಗೆ ಹೆದರಿಕೆಯಾಯಿತು.

"ಓದೋ."

"'ಘನತ್ಯಾಜ್ಯ ಘಟಕದಿಂದ ತೊಂಬತ್ತೊಂದು ಮೀಟರ್ ಅಂತರದಲ್ಲಿ ಶಂಕರಮ್ಮ ಕೋಂ ಪುಟ್ಟಸ್ವಾಮಿ ಇವರು ಅನಧಿಕೃತವಾಗಿ ವಾಸದ ಮನೆ ಹೊಂದಿರುವುದು ದೃಢಪಟ್ಟಿರುತ್ತದೆ. ಘಟಕದ ಇನ್ನೂರು ಮೀಟರ್ ಒಳಗೆ ವಾಸಕ್ಕೆ ಅವಕಾಶವಿಲ್ಲದ ಕಾರಣ, ಹದಿನೈದು ದಿನಗಳ ಒಳಗಾಗಿ ಸದರಿ ಮನೆಯನ್ನು ಏಕೆ ತೆರವುಗೊಳಿಸಬಾರದು ಎಂಬುದಕ್ಕೆ...'" ಅವನಿಗೆ ಮುಂದೆ ಓದಲಾಗಲಿಲ್ಲ. "ಅವ್ವ, ಇನ್ನೂರು ಮೀಟರ್ ಅಂತ ತೋರ್ಸಿಕೊಟ್ಟೋನು ನಾನೇ. ಅದೇ ರೂಲ್ಸ್ ಹಿಡ್ಕೊಂಡು ನಮ್ಮನ್ನೇ ಏಳಿಸ್ತಾ ಇದಾರೆ."

ಪುಟ್ಟಸ್ವಾಮಿ ಕೊಡ ಕೆಳಗಿಟ್ಟು ಬಾಗಿಲಲ್ಲಿ ನಿಂತಿದ್ದ. ನಾನು ಮೊದಲೇ ಹೇಳಿರಲಿಲ್ಲವಾ ಎನ್ನುತ್ತಾನೆ ಎಂದು ಶಂಕರಮ್ಮ ಕಾದಳು. ಅವನು ಅನ್ನಲಿಲ್ಲ. ಬಂದು ಮಗನ ಕೈಯಿಂದ ಕಾಗದ ತೆಗೆದುಕೊಂಡು, ಕನ್ನಡಕ ಹಾಕಿ, ತಾನೂ ಓದಿದ.

"ವಿಚಾರಣೆಗೆ ಯಾವತ್ತು ಹೋಗ್ಬೇಕು?" ಎಂದ.

"ನೀವು ಯಾತಕ್ಕೆ?" ಎಂದ ರಾಜೇಶ್.

"ಗೋಡೌನು ಅಂತ ಬರ್ಸಿದ್ದು ನಾನು. ನಾನೇ ಹೇಳ್ಬೇಕಲ್ಲ."

ಚಿಕ್ಕಮಗಳೂರಿನಿಂದ ಒಬ್ಬ ವಕೀಲರನ್ನು ಹಿಡಿದರು, ರಾಜೀವ್ ಎಂದು. ಅವರು ಆಸೆ ಹುಟ್ಟಿಸಲಿಲ್ಲ. ಮನೆ ಮೊದಲು ಬಂತು, ಶೆಡ್ಡು ಆಮೇಲೆ ಬಂತು, ಅದೊಂದೇ ನಮ್ಮ ಬಲ ಎಂದರು. ಮೂರು ಜನವೂ ಬೆಳಿಗ್ಗೆ ಏಳರ ಬಸ್ಸಿಗೆ ಮೂಡಿಗೆರೆಗೆ ಹೋದರು. ತಾಲೂಕು ಕಚೇರಿಯಲ್ಲಿ ಮಧ್ಯಾಹ್ನ ಮೂರರವರೆಗೆ ನಿಂತರು. ಹೆಸರು ಕೂಗಿದಾಗ ಪುಟ್ಟಸ್ವಾಮಿ ವಕೀಲರಿಗಿಂತ ಮುಂದೆ ಹೋಗಿ ಕೈಮುಗಿದ.

"ಸುಳ್ಳು ಬರ್ಸಿದ್ದು ನಾನು ಸಾರ್. ಇವಳದ್ದಲ್ಲ ತಪ್ಪು. ಬಂದೋರ ಮುಂದೆ ಯಾರೂ ಇಲ್ಲ ಅಂದಿದ್ದೂ ನಾನೇ. ಹನ್ನೆರಡು ವರ್ಷದಿಂದ ಅಲ್ಲೇ ಇದೀವಿ. ನಂಗೆ ಏನು ದಂಡ ಹಾಕ್ತೀರೋ ಹಾಕಿ. ಮನೇನ ಮಾತ್ರ ಮನೆ ಅಂತ ಉಳ್ಸಿ."

ಅಧಿಕಾರಿ ಅವನ ಮಾತು ಮುಗಿಯುವವರೆಗೂ ಕೇಳಿದರು. ಗುಮಾಸ್ತನಿಗೆ ಏನೋ ಹೇಳಿ ಬರೆಸಿದರು. "ನೀರಿನ ವರದಿ ಬಂದಿಲ್ಲ. ಜುಲೈ ಒಂಬತ್ತಕ್ಕೆ ಬನ್ನಿ. ಅಲ್ಲೀವರೆಗೆ ಎರಡೂ ಕಡೆ ಯಥಾಸ್ಥಿತಿ," ಎಂದರು.

"ಯಥಾಸ್ಥಿತಿ ಅಂದ್ರೆ?" ಶಂಕರಮ್ಮ ಮಗನನ್ನು ಕೇಳಿದಳು.

"ಈಗ ಹೆಂಗಿದೆಯೋ ಹಂಗೇ. ನಾವೂ ಇರೋದು, ಕಸಾನೂ ಬರೋದು."

ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಅವಳ ಫೋನು ರಿಂಗಾಯಿತು. ವಸ್ತಾರೆಯಿಂದ ರಕ್ಷಾ.

"ಅಜ್ಜೀ, ಇಲ್ಲಿ ಶಾಲೆ ಶುರುವಾಯ್ತು. ಅಮ್ಮ ಇಲ್ಲೇ ಸೇರಿಸ್ತಾ ಇದಾಳೆ. ಫಾರಮ್ಮು ನಾನೇ ತುಂಬ್ತಾ ಇದೀನಿ. ಸ್ವಂತ ಮನೆ ವಿಳಾಸ ಅಂತ ಅದೆ. ಏನಂತ ಬರೀಲಿ?"

ಶಂಕರಮ್ಮ ಫೋನನ್ನು ಕಿವಿಯಿಂದ ಇಳಿಸಿ, "ಮನೆ ವಿಳಾಸ ಕೇಳ್ತಾಳೆ," ಎಂದಳು. ಪುಟ್ಟಸ್ವಾಮಿ ಕೈ ಚಾಚಿ ಅವಳಿಂದ ಫೋನು ತೆಗೆದುಕೊಂಡ.

"ಪುಟ್ಟೀ, ಅಜ್ಜ ಮಾತಾಡೋದು. ಬರ್ಕೋ. ಶಂಕರಮ್ಮನವರ ಮನೆ. ಹುಲ್ಲೇಮಕ್ಕಿ. ಬಣಕಲ್ ಹೋಬಳಿ." ಒಂದೊಂದು ಪದಕ್ಕೂ ನಿಂತು ನಿಂತು ಹೇಳಿದ. ಆ ಕಡೆ ಮಗು ಬರೆಯುತ್ತಿರುವುದು ಕೇಳಿಸುತ್ತಿತ್ತು.

"ಬರ್ದೆ ಅಜ್ಜ. ಮನೆ ನಂಬರ್ ಎಷ್ಟು?"

ಪುಟ್ಟಸ್ವಾಮಿ ಹೆಂಡತಿಯ ಕಡೆ ನೋಡಿದ.

"ಆ ಜಾಗ ಖಾಲಿ ಬಿಡು ಮಗಾ," ಎಂದ.